ಬೆಸುಗೆ ಹಾಕಿದ ನಾಲ್ಕು ನಟ್ಟು

ಚಿಕ್ಕಮಾದುವಿಗೆ ಸಿಟ್ಟು ಬಂದರೆ ಬಾಯಿ ಬಿಡುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ, ಸುಮ್ಮನೆ ಕೆಲಸ ಮಾಡುತ್ತಿದ್ದ. ಅನರ್ಥಕ್ಕೆ ಕಾರಣವಾದದ್ದು ಅದೇ. ನಾಲ್ಕು ಮಾತು ಬೈದು ಮುಗಿಸುವವರ ಸಿಟ್ಟು ಸಂಜೆಯೊಳಗೆ ಇಳಿದುಹೋಗುತ್ತದೆ. ಇವನದು ಸ್ಪ್ಯಾನರಿಗೆ ಇಳಿದು, ಬೋಲ್ಟಿಗೆ ಇಳಿದು, ಅಲ್ಲೇ ಕೂತುಬಿಡುತ್ತಿತ್ತು.

ಮಂಡ್ಯದ ಗುತ್ತಲು ರಸ್ತೆಯಲ್ಲಿ ಹುಣಸೆಮರಕ್ಕೆ ಒತ್ತಿಕೊಂಡು ಅವನ ತಗಡಿನ ಶೆಡ್ಡು ಇತ್ತು. ಎಪ್ಪತ್ತಮೂರನೇ ಇಸವಿಯ ಮಾತು. ಊರಲ್ಲಿ ಕಾರುಗಳೇ ಬೆರಳೆಣಿಕೆಯಷ್ಟು, ಅವುಗಳಲ್ಲಿ ಅರ್ಧ ಇವನ ಕೈಗೇ ಬರುತ್ತಿದ್ದವು. ಆದರೆ ತನ್ನದೇ ಅನ್ನಿಸುತ್ತಿದ್ದ ಕಾರು ಒಂದೇ ಒಂದು. ಅದು ನಿವೃತ್ತ ಹೆಡ್‌ಮೇಷ್ಟ್ರು ಪಾರ್ಥಸಾರಥಿ ಅಯ್ಯಂಗಾರರ ಬೂದಿ ಬಣ್ಣದ ಹಳೇ ವಿಲಾಯಿತಿ ಕಾರು. ಊಟಿ ಬಿಟ್ಟು ಹೊರಟ ಯಾವನೋ ದೊರೆ ಮಾರಿ ಹೋದದ್ದು. ಮೇಷ್ಟ್ರಿಗೂ ಅವರ ಹೆಂಡತಿ ಸರಸಮ್ಮನವರಿಗೂ ಮಕ್ಕಳಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಶನಿವಾರ ಇಬ್ಬರೂ ಆ ಕಾರಿನಲ್ಲಿ ಕೂತು, ಮಳವಳ್ಳಿ ದಾಟಿ, ಬೆಳಕವಾಡಿಯಲ್ಲಿದ್ದ ಸರಸಮ್ಮನವರ ಅಕ್ಕ ಆಂಡಾಳಮ್ಮನನ್ನು ನೋಡಿಕೊಂಡು ಬರುತ್ತಿದ್ದರು. ಅದು ಬಿಟ್ಟರೆ ಅವರಿಗೆ ಬೇರೆ ಶೋಕಿ ಏನೂ ಇರಲಿಲ್ಲ.

ಮೇಷ್ಟ್ರು ಚಿಕ್ಕಮಾದುವಿಗೆ ಅಕ್ಷರ ಕಲಿಸಿದವರು. ಕೇರಿಯಿಂದ ಬಂದು ಬಾಗಿಲ ಪಕ್ಕದ ಗೋಡೆಗೆ ಅಂಟಿಕೊಂಡು ಕೂತಿದ್ದವನನ್ನು ಹೆಸರು ಹಿಡಿದು ಕರೆದು, ಮುಂದಿನ ಸಾಲಿನಲ್ಲಿ ಕೂರಿಸಿದವರು. ಅವರು ಅದನ್ನು ಮರೆತಿದ್ದರೋ ಏನೋ, ಇವನು ಮರೆತಿರಲಿಲ್ಲ. ಮಂಡ್ಯದಲ್ಲಿ ಯಾರು ಏನಾದರೂ ಅನ್ನಲಿ, ಮೇಷ್ಟ್ರು ತನ್ನ ಕೆಲಸ ನಂಬುತ್ತಾರೆ ಅನ್ನುವುದು ಅವನಿಗೆ ಊಟದಷ್ಟೇ ಮುಖ್ಯವಾಗಿತ್ತು.

ಆ ವರ್ಷ ದಸರೆಗೆ ಮುಂಚೆ ಅವನು ಕಾರಿನ ಬ್ರೇಕು ಮಾಡಿಕೊಟ್ಟಿದ್ದ. ತಿಂಗಳು ಕಳೆದು ಬೇರೇನೋ ಕೆಲಸಕ್ಕೆ ಚಕ್ರ ಬಿಚ್ಚಿದಾಗ ನೋಡುತ್ತಾನೆ, ಒಳಗಿದ್ದ ಗ್ರೀಸು ತನ್ನದಲ್ಲ. ನಟ್ಟು ಜಾರದಂತೆ ಸಿಕ್ಕಿಸುವ ಪಿನ್ನಿನ ಕಾಲನ್ನು ಅವನು ಯಾವಾಗಲೂ ಎಡಕ್ಕೆ ಮಡಚುತ್ತಿದ್ದ, ಇದು ಬಲಕ್ಕೆ ಮಡಚಿಕೊಂಡಿತ್ತು. ಯಾರೋ ಬಿಚ್ಚಿ ನೋಡಿ ಮತ್ತೆ ಹಾಕಿದ್ದಾರೆ! ಮೇಷ್ಟ್ರು ಅಲ್ಲೇ ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿದ್ದರು.

"ಮೇಸ್ಟ್ರೇ, ಇದನ್ನ ಯಾರ್ ಬಿಚ್ಚಿದ್ರು?"

ಸುಳ್ಳು ಹೇಳಿ ಅಭ್ಯಾಸವಿದ್ದ ಮನುಷ್ಯನಾಗಿದ್ದರೆ ಏನಾದರೂ ಹೇಳಿ ಮುಗಿಸುತ್ತಿದ್ದರು. ಮೇಷ್ಟ್ರಿಗೆ ಅದು ಬರುತ್ತಿರಲಿಲ್ಲ.

"ಮೈಸೂರಿಗೆ ಹೋಗಿದ್ದೆವಲ್ಲ ಮಾದು... ಸರಸಳ ತಮ್ಮ ಸಂಪತ್ ಕುಮಾರ ಇದ್ದಾನಲ್ಲ, ಅವನೇ ಬಲವಂತ ಮಾಡಿ ಅಲ್ಲಿ ಒಂದು ಗ್ಯಾರೇಜಿಗೆ ತೋರಿಸಿದ. ಬ್ರೇಕಿನ ವಿಷಯ, ಒಂದು ಸಲ ನೋಡಿಸೋಣ ಅಂದ. ಎಲ್ಲ ಸರಿಯಾಗಿದೆ, ಒಳ್ಳೆ ಕೈ ಅಂದರು ಕಣಯ್ಯ."

"ನನ್ ಕೈ ಮುಟ್ಟಿದ್ದನ್ನ ಇನ್ನೊಬ್ರು ತೊಳ್ದು ನೋಡ್ಬೇಕಾಯ್ತಾ ಮೇಸ್ಟ್ರೇ?"

ಮೇಷ್ಟ್ರ ಕೈಯಲ್ಲಿದ್ದ ಪೇಪರು ಮಡಿಲಿಗೆ ಬಿತ್ತು. ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. "ತಪ್ಪಾಯಿತು ಮಾದು" ಅಂದರು. ಅಷ್ಟು ದೊಡ್ಡವರು, ಅಷ್ಟು ವರ್ಷ ಶಾಲೆಯನ್ನು ಹದ್ದುಬಸ್ತಿನಲ್ಲಿಟ್ಟವರು, ತಪ್ಪಾಯಿತು ಅಂದರು. ಅಲ್ಲಿಗೆ ಬಿಡಬೇಕಿತ್ತೋ ಇಲ್ಲವೋ ನೀವೇ ಹೇಳಿ. ಚಿಕ್ಕಮಾದು ಬಿಡಲಿಲ್ಲ. ಬಾಯಲ್ಲಿ "ಇರ್ಲಿ ಬುಡಿ" ಅಂದ, ಪಿನ್ನನ್ನು ಕಿತ್ತು ಎಸೆದು ಹೊಸದು ಹಾಕಿ ಎಡಕ್ಕೆ ಮಡಚಿದ. ಮನಸ್ಸಿನೊಳಗೆ ಅದು ಹಾಗೇ ಉಳಿಯಿತು.

ಯುಗಾದಿ ಕಳೆದ ಮೇಲೆ ಕಾರಿಗೆ ನಿಜವಾದ ಕಾಯಿಲೆ ಬಂತು. ಆ ಕಾರಿನಲ್ಲಿ ಇಂಜಿನ್ನೂ ಮುಂದಿನ ಎರಡು ಚಕ್ರವೂ ಕೂತಿರುವುದು ಬೇರೆಯೇ ಒಂದು ಕಬ್ಬಿಣದ ಫ್ರೇಮಿನ ಮೇಲೆ. ಆ ಫ್ರೇಮನ್ನು ನಾಲ್ಕು ದಪ್ಪ ಬೋಲ್ಟು ಹಾಕಿ ಬಾಡಿಗೆ ಬಿಗಿದಿರುತ್ತದೆ. ಫ್ರೇಮಿಗೂ ಬಾಡಿಗೂ ನಡುವೆ, ಪ್ರತಿ ಬೋಲ್ಟಿಗೂ ಇಡ್ಲಿಯಷ್ಟು ದಪ್ಪದ ಒಂದು ರಬ್ಬರಿನ ಬುಷ್ಷು. ರಸ್ತೆಯ ಏಟನ್ನೆಲ್ಲ ಆ ನಾಲ್ಕು ರಬ್ಬರು ತಿಂದುಕೊಂಡು, ಒಳಗೆ ಕೂತವರಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳುತ್ತವೆ. ಇಪ್ಪತ್ತು ವರ್ಷ ತಿಂದು ತಿಂದು ಅವು ಈಗ ಪುಡಿಪುಡಿಯಾಗಿದ್ದವು. ಮಳವಳ್ಳಿ ರಸ್ತೆಯ ಗುಂಡಿಗೆ ಇಳಿದರೆ ಫ್ರೇಮು ಅತ್ತಿತ್ತ ಜರುಗಿ ಸ್ಟಿಯರಿಂಗು ತಾನಾಗಿ ಎಳೆಯುತ್ತಿತ್ತು.

ಹೊಸ ಬುಷ್ಷು ಬೆಂಗಳೂರಿನ ಬಿಡಿಭಾಗದ ಅಂಗಡಿಗಳಲ್ಲೆಲ್ಲ ಹುಡುಕಿದರೂ ಸಿಗಲಿಲ್ಲ. ಚಿಕ್ಕಮಾದು ಹಳೇ ಲಾರಿ ಟೈರು ಕೊಯ್ದು, ನಾಲ್ಕು ಪದರ ಸೇರಿಸಿ ಹಾಕಿ ನೋಡಿದ. ನಲವತ್ತು ದಿನಕ್ಕೆ ಪದರ ಬಿಟ್ಟುಕೊಂಡು ಪಕ್ಕಕ್ಕೆ ಹಿಸುಕಿ ಬಂತು. ಇನ್ನು ಉಳಿದದ್ದು ಒಂದೇ ದಾರಿ, ಮೆತ್ತಗಿನದನ್ನು ಬಿಟ್ಟು ಗಟ್ಟಿಯಾದದ್ದನ್ನೇ ಹಾಕಿ ಫ್ರೇಮನ್ನು ಬಾಡಿಗೆ ಒಂದಾಗಿ ಬಿಗಿದುಬಿಡುವುದು. ಯಾವುದನ್ನು ಹಾಕುವುದು, ಹೇಗೆ ಹಾಕುವುದು ಅನ್ನುವುದೇ ಪ್ರಶ್ನೆ. ಅವನು ಬಸ್ಸು ಹತ್ತಿ ಮದ್ದೂರಿಗೆ ಹೋದ.

ಮದ್ದೂರಿನಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರ ಕೆಂಪಸಿದ್ದಯ್ಯ ಲೋಹ ಕಡೆಯುವ ಒಂದು ಲೇತು ಇಟ್ಟುಕೊಂಡಿದ್ದ. ಚಿಕ್ಕಮಾದುವಿನ ದೊಡ್ಡಪ್ಪನ ಮಗ, ಹತ್ತು ವರ್ಷ ದೊಡ್ಡವನು. ಅವನ ಕಣ್ಣು ಮಂಜಾಗಿತ್ತು, ಕೈ ಮಾತ್ರ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಪುಡಿಯಾದ ರಬ್ಬರನ್ನು ಬೆರಳಲ್ಲಿ ತಿಕ್ಕಿ ನೋಡಿ, ಬೀಡಿ ಹಚ್ಚಿದ.

"ಮರ ಆಕದಾ ಅಣ್ಣ? ಗಾಡಿ ಅಚ್ಚಿಗೆ ಆಕೋ ಜಾಲಿ?" ಅಂದ ಚಿಕ್ಕಮಾದು.

"ಮಳೆಗಾಲ್ದಲ್ಲಿ ಊದ್ಕತದೆ, ಬೇಸ್ಗೇಲಿ ಕುಗ್ತದೆ. ಬೋಲ್ಟು ಲೊಡಲೊಡ ಅಂತದೆ. ಗಾಡಿಗಾದ್ರೆ ದಿನಾ ನೋಡೋನು ಇರ್ತಾನೆ, ಕಾರ್ಗೆ ಯಾರವ್ನೆ?"

"ಅಲ್ಯೂಮಿನಿ? ಹಳೇ ಪಿಸ್ಟನ್ನು ಕರಗ್ಸಿ ಉಯ್ದ್ರೆ?"

"ಕಬ್ಣದ ಮಗ್ಗುಲಲ್ಲಿ ನೀರ್ ಬಿದ್ರೆ ಬೆಳ್ಳಗೆ ಪುಡಿ ಉದುರ್ತದೆ ಕಣ್ಲಾ. ಬ್ಯಾಡ."

"ಅಂಗಾರೆ ಕಬ್ಣವೇ ಆಕ್ಬುಡನ. ಸವಿಯಂಗೇ ಇಲ್ಲ."

ಕೆಂಪಸಿದ್ದಯ್ಯ ಹೊಗೆ ಬಿಟ್ಟು ಅವನನ್ನೇ ನೋಡಿದ. "ಲೇ ಮಾದ, ಅದು ಸವಿದೇ ಇದ್ರೆ ಅದ್ರ ಪಕ್ಕದ್ದು ಸವಿತದೆ. ರಸ್ತೆ ಏಟು ಎಲ್ಗೂ ಮಾಯ ಆಗಕ್ಕಿಲ್ಲ. ಇಷ್ಟ್ ದಿನ ರಬ್ಬರ್ ನುಂಗ್ತಿತ್ತು, ಇನ್ಮ್ಯಾಕೆ ಬಾಡಿ ತಗಡು ನುಂಗ್ಬೇಕು. ಇತ್ತಾಳೆ ಆಕು, ನಾನ್ ತಿರುಗ್ಸಿ ಕೊಡ್ತೀನಿ. ಇತ್ತಾಳೆ ಮೆತ್ಗೆ, ಅದೇ ಮೊದ್ಲು ಸವಿತದೆ, ಕಾರು ಉಳೀತದೆ. ಬಾಡಿ ತೂತಿನ ಸುತ್ತ ಗಟ್ಟಿಗೆ ಒಂದೊಂದು ಕಬ್ಣದ ಪಟ್ಟಿ ಕೊಡು. ನಟ್ಟಿಗೆ ಪಿನ್ ಆಕು, ಮೂರ್ ತಿಂಗ್ಳಿಗೆ ಒಂದ್ ದಪ ಬಿಚ್ಚು, ತಗಡು ಎಲ್ಲಾದ್ರೂ ಸೀಳೈತಾ ಅಂತ ನೋಡು. ಬಿಚ್ಚಿ ನೋಡೋದ್ ಮಾತ್ರ ತಪ್ಪುಸ್ಬ್ಯಾಡ."

ಮೂರು ತಿಂಗಳಿಗೊಮ್ಮೆ ಬಿಚ್ಚಬೇಕು. ಅಂದರೆ ಬೇರೆಯವರೂ ಬಿಚ್ಚಬಹುದು. ಮೈಸೂರಿನ ಗ್ಯಾರೇಜಿನವನು ಬಿಚ್ಚಿ ಹಿತ್ತಾಳೆ ಸವೆದಿದ್ದು ನೋಡಿ, "ಯಾರ್ರೀ ಇದನ್ನ ಮಾಡಿದ್ದು, ಅರೆಬರೆ ಕೆಲಸ" ಅಂದರೆ? ಆ ಮಾತು ಯಾರೂ ಆಡಿರಲಿಲ್ಲ. ಚಿಕ್ಕಮಾದುವಿನ ಕಿವಿಗೆ ಮಾತ್ರ ಅದು ಸ್ಪಷ್ಟವಾಗಿ ಕೇಳಿಸಿತು. ಇಲ್ಲದ ಮಾತು ಕೇಳಿಸಿಕೊಂಡು ಉರಿದುಕೊಳ್ಳುವವನಿಗೆ ಏನು ಹೇಳುವುದು!

"ಕಬ್ಣದಲ್ಲೇ ತಿರುಗ್ಸಿಕೊಡಣ್ಣ" ಅಂದ.

"ನಿನ್ ಅಣೇಬರ" ಅಂದು ಕೆಂಪಸಿದ್ದಯ್ಯ ಲೇತು ಚಾಲೂ ಮಾಡಿದ.

ನಾಲ್ಕು ಕಬ್ಬಿಣದ ಬುಷ್ಷುಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಮೂರು ದಿನ ಚಿಕ್ಕಮಾದು ಬೇರೆ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ಇಂಜಿನ್ನನ್ನು ಸರಪಳಿಯಲ್ಲಿ ನೇತುಹಾಕಿ, ಫ್ರೇಮು ಇಳಿಸಿ, ತುಕ್ಕು ಕೆರೆದು, ಬಾಡಿಯ ತೂತುಗಳಿಗೆ ಪಟ್ಟಿ ಕೊಟ್ಟು, ಅಳತೆಪಟ್ಟಿ ಹಿಡಿದು ಚಕ್ರದಿಂದ ಚಕ್ರಕ್ಕೆ ನೂಲಷ್ಟೂ ವ್ಯತ್ಯಾಸವಿಲ್ಲದಂತೆ ಕೂರಿಸಿದ. ಹಾಗೆ ನೋಡಿದರೆ ಅವನ ಜೀವಮಾನದ ಅಚ್ಚುಕಟ್ಟಾದ ಕೆಲಸ ಅದೇ. ಕೊನೆಗೆ ನಟ್ಟು ಬಿಗಿದು, ಪಿನ್ನು ಹಾಕುವ ಬದಲು ಬೆಸುಗೆ ಕೋಲು ಎತ್ತಿಕೊಂಡ. ನಾಲ್ಕೂ ನಟ್ಟಿನ ಸುತ್ತ ಬೆಸುಗೆ ಹಾಕಿದ. ಕಿಡಿ ಹಾರುತ್ತಿದ್ದರೆ ಅವನಿಗೆ ಎಷ್ಟೋ ತಿಂಗಳ ಮೇಲೆ ಎದೆ ಹಗುರಾಯಿತು. ಇನ್ನು ಯಾವ ಮೈಸೂರಿನವನು ಬರುತ್ತಾನೋ ಬರಲಿ. ನಟ್ಟಿಗೆ ಬೆಸುಗೆ ಹಾಕುವುದು ಕೆಲಸ ಬಲ್ಲವನು ಮಾಡುವಂಥದ್ದಲ್ಲ. ಬೆಸುಗೆಯ ಬಿಸಿಗೆ ಪಕ್ಕದ ತಗಡು ಸೆಟೆದು ಗಡುಸಾಗಿ ಸೀಳಲು ಕಾಯುತ್ತಿರುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹಾಕಿದ.

ಮೇಷ್ಟ್ರು ಹೆಂಡತಿಯ ಜೊತೆ ಕಾರು ತೆಗೆದುಕೊಳ್ಳಲು ಬಂದಾಗ ಒಂದು ಸುತ್ತು ಓಡಿಸಿ ತೋರಿಸಿದ. ಸ್ಟಿಯರಿಂಗು ಈಗ ಬೆರಳಲ್ಲಿ ಹಿಡಿದರೂ ನೇರ ಹೋಗುತ್ತಿತ್ತು. ಆದರೆ ಇಂಜಿನ್ನಿನ ಗುಂಯ್ ಅನ್ನುವುದೂ, ಚಕ್ರದ ಗರಗರವೂ ನೇರವಾಗಿ ಸೀಟಿಗೇ ಬರುತ್ತಿದ್ದವು. ಹಿಂದೆ ಕೂತಿದ್ದ ಸರಸಮ್ಮನವರು ನಕ್ಕರು. "ಹಿಟ್ಟಿನ ಮಿಶನ್ನಿನೊಳಗೆ ಕೂತ ಹಾಗಿದೆಯಲ್ಲೋ ಮಾದು!"

"ಗಟ್ಟಿ ಆದ್ಮೇಲೆ ಸಬ್ದ ಬಂದೇ ಬತ್ತದೆ ಅಮ್ಮಾವ್ರೇ. ಎಂಥಾ ಸಬ್ದ ಬಂದ್ರೂ ತಲೆ ಕೆಡುಸ್ಕಬ್ಯಾಡಿ. ಈ ಜನ್ಮದಲ್ಲಿ ಅದನ್ನ ಬಿಚ್ಚಂಗಿಲ್ಲ."

ಮೇಷ್ಟ್ರು ಇಳಿದು ನಿಂತು, ಸ್ವಲ್ಪ ತಡೆದು ಕೇಳಿದರು. "ಎರಡು ಮೂರು ತಿಂಗಳಿಗೆ ಒಂದು ಸಲ ತಂದು ತೋರಿಸಲೇನಯ್ಯ?"

"ಯಾಕೆ ಮೇಸ್ಟ್ರೇ, ಅನುಮಾನವಾ?"

"ಛೆ ಛೆ! ಇಲ್ಲಪ್ಪ" ಅಂದರು ಮೇಷ್ಟ್ರು. ಅವರ ಮುಖ ಮತ್ತೆ ಆವತ್ತಿನ ಹಾಗೆ ಆಯಿತು. "ಅನುಮಾನ ಏನಿಲ್ಲ. ನೀನು ಹೇಳಿದ ಮೇಲೆ ಆಯಿತು." ಚಿಕ್ಕಮಾದುವಿಗೆ ಅದು ಹಿತವಾಗಿತ್ತು. ಒಪ್ಪಿಕೊಳ್ಳಬೇಕು, ಅವರ ಮುಖ ಹಾಗಾದದ್ದು ನೋಡಿ ಅವನಿಗೆ ಹಿತವಾಗಿತ್ತು.

ಆರು ತಿಂಗಳು ಕಾರು ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಮೇಷ್ಟ್ರು ದಾರಿಯಲ್ಲಿ ಸಿಕ್ಕರೆ "ಕಾರು ಎಂಗದೆ?" ಅನ್ನುತ್ತಿದ್ದ, ಅವರು "ಚೆನ್ನಾಗಿದೆ ಮಾದು, ತುಂಬ ಚೆನ್ನಾಗಿದೆ" ಅನ್ನುತ್ತಿದ್ದರು.

ಕಾರ್ತಿಕದ ಒಂದು ಶನಿವಾರ ಮಧ್ಯಾಹ್ನ ಮಳವಳ್ಳಿ ಬಸ್ಸಿನ ಕಂಡಕ್ಟರ್ ಜವರಯ್ಯ ಶೆಡ್ಡಿನ ಮುಂದೆ ಬಸ್ಸು ನಿಲ್ಲಿಸಿ ಕೂಗಿದ. "ಮಾದಣ್ಣೋ, ನಿಮ್ ಮೇಸ್ಟ್ರು ಕಾರು ಬೆಳಕವಾಡಿ ತಾವ ಗದ್ದೆಗೆ ಬಿದ್ದೋಗದೆ!"

ಚಿಕ್ಕಮಾದು ಎಣ್ಣೆ ಕೈಯಲ್ಲೇ ಓಡಿ, ಸಿಕ್ಕಿದ ಲಾರಿ ಹತ್ತಿದ. ಅವನು ಅಲ್ಲಿಗೆ ಮುಟ್ಟುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರನ್ನೂ ಮಳವಳ್ಳಿ ಆಸ್ಪತ್ರೆಗೆ ಸಾಗಿಸಿದ್ದರು. ಜನ ಸುತ್ತ ನಿಂತಿದ್ದರು. ಮೇಷ್ಟ್ರಿಗೆ ಏನಾಯಿತು, ಅಮ್ಮನಿಗೆ ಏನಾಯಿತು ಎಂದು ಕೇಳಬೇಕಾದವನು, ಕೇಳದೆ ಮೊದಲು ಕೆಸರಲ್ಲಿ ಅಂಗಾತ ಮಲಗಿ ಕಾರಿನ ಅಡಿಗೆ ನುಸಿದ. ಅದನ್ನು ನೆನೆದರೆ ಅವನಿಗೆ ಈಗಲೂ ತನ್ನ ಮೇಲೆ ಅಸಹ್ಯವಾಗುತ್ತದೆ.

ಎಡಗಡೆಯ ಬುಷ್ಷು ಹಾಗೇ ಇತ್ತು. ಬೋಲ್ಟು ಹಾಗೇ ಇತ್ತು. ನಟ್ಟಿನ ಸುತ್ತ ಹಾಕಿದ ಬೆಸುಗೆ ಹಾಕಿದ ದಿನದಂತೆಯೇ ಇತ್ತು. ಅದರ ಸುತ್ತಲಿನ ಬಾಡಿಯ ತಗಡು, ಕೊಟ್ಟ ಪಟ್ಟಿಯ ಸಮೇತ, ರೊಟ್ಟಿ ಹರಿದ ಹಾಗೆ ಹರಿದು ಫ್ರೇಮಿನ ಜೊತೆ ನೇತಾಡುತ್ತಿತ್ತು. ಹರಿದ ಅಂಚನ್ನು ಅವನು ಹೆಬ್ಬೆರಳಲ್ಲಿ ಸವರಿದ. ಎರಡು ಬೆರಳಗಲ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು, ಅದು ಆವತ್ತು ಹರಿದದ್ದು. ಉಳಿದದ್ದೆಲ್ಲ ಕೆಂಪಗೆ ತುಕ್ಕು ಹಿಡಿದಿತ್ತು. ಅಂದರೆ ಸೀಳು ಬಿಟ್ಟು ತಿಂಗಳುಗಳೇ ಆಗಿದ್ದವು. ಒಂದು ಸಲ, ಒಂದೇ ಒಂದು ಸಲ ಬಿಚ್ಚಿ ನೋಡಿದ್ದರೆ ಕುರುಡನಿಗೂ ಗೊತ್ತಾಗುತ್ತಿತ್ತು.

ಮೇಷ್ಟ್ರಿಗೆ ತರಚಿದ ಗಾಯ ಅಷ್ಟೇ. ಸರಸಮ್ಮನವರ ಬಲಗಾಲು ಮಂಡಿಯ ಹತ್ತಿರ ಎರಡು ಕಡೆ ಮುರಿದಿತ್ತು. ಮಳವಳ್ಳಿಯಿಂದ ಮೈಸೂರಿಗೆ ಹೋಗಿ, ಮೂರು ತಿಂಗಳು ಪ್ಲಾಸ್ಟರ್ ಕಟ್ಟು ಹಾಕಿಸಿಕೊಂಡು ಮನೆಗೆ ಬಂದರು. ಕಾಲು ಮತ್ತೆ ಮಡಚಲಿಲ್ಲ.

ಅವರು ಗುತ್ತಲು ರಸ್ತೆಯ ತಮ್ಮ ಮನೆಗೆ ಬಂದ ಮಾರನೆಯ ದಿನ ಚಿಕ್ಕಮಾದು ಹೋದ. ಹೇಳಿಬಿಡಬೇಕೆಂದೇ ಹೋದ. ಮದ್ದೂರಿನ ಅಣ್ಣ ಕಬ್ಬಿಣ ಬೇಡ ಅಂದಿದ್ದ, ನಾನೇ ಹಾಕಿದೆ. ಬಿಚ್ಚಿ ನೋಡು ಅಂದಿದ್ದ, ಬಿಚ್ಚಲಾಗದ ಹಾಗೆ ಬೆಸುಗೆ ಹಾಕಿದೆ. ನಿಮ್ಮ ಮೇಲಿನ ಸಿಟ್ಟಿಗೆ ಹಾಕಿದೆ. ದಾರಿಯುದ್ದಕ್ಕೂ ಈ ಮಾತನ್ನು ಬಾಯಿಪಾಠ ಮಾಡಿಕೊಂಡೇ ಹೋಗಿದ್ದ. ಜಗುಲಿಯ ಮೇಲೆ ಕೂತಿದ್ದ ಮೇಷ್ಟ್ರು ಅವನನ್ನು ಕಂಡವರೇ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಅವರು ಹಾಗೆ ಹಿಡಿದದ್ದು ಅದೇ ಮೊದಲು.

"ಮಾದು, ನನ್ನನ್ನ ಕ್ಷಮಿಸಿಬಿಡಯ್ಯ."

"ಮೇಸ್ಟ್ರೇ..."

"ಎರಡು ತಿಂಗಳಿಂದ ಶಬ್ದ ಬೇರೆ ಥರ ಆಗಿತ್ತು. ಎಡಗಡೆ ಟಕ್ ಟಕ್ ಅಂತ. ಸರಸ ಹೇಳಿದಳು, ಮಾದುಗೆ ತೋರಿಸಿ ಅಂತ. ನಾನೇ ಬೇಡ ಅಂದೆ. ಒಂದು ಸಲ ನಿನ್ನ ಕೆಲಸ ಅನುಮಾನಿಸಿ ನಿನಗೆ ಎಷ್ಟು ನೋಯಿಸಿದ್ದೆ. ಇನ್ನೊಂದು ಸಲ ಶಬ್ದ ಬರುತ್ತಿದೆ ಅಂತ ಬಂದು ನಿಂತರೆ ನೀನು ಏನು ಅಂದುಕೊಳ್ಳುತ್ತಿದ್ದೆ? ಅದಕ್ಕೇ ಬಾಯಿ ಮುಚ್ಚಿಕೊಂಡೆ. ನಿನ್ನ ಕೆಲಸದಲ್ಲಿ ತಪ್ಪಿಲ್ಲ. ಹೊತ್ತಿಗೆ ಸರಿಯಾಗಿ ನಿನಗೆ ಹೇಳಿದ್ದರೆ ನೀನು ಸರಿ ಮಾಡಿಬಿಡುತ್ತಿದ್ದೆ. ನನ್ನ ಸಂಕೋಚ ಅವಳ ಕಾಲು ತಿಂತು."

ಅವರ ಕಣ್ಣಲ್ಲಿ ನೀರಿತ್ತು. ಚಿಕ್ಕಮಾದು ಬಾಯಿಪಾಠ ಮಾಡಿಕೊಂಡದ್ದನ್ನು ಈಗಲೂ ಹೇಳಬಹುದಾಗಿತ್ತು, ನಾಲ್ಕು ಮಾತು. ಆದರೆ ಅಷ್ಟು ದೊಡ್ಡ ಮನುಷ್ಯ ಕೈ ಹಿಡಿದು, ನಿನ್ನ ಕೆಲಸದಲ್ಲಿ ತಪ್ಪಿಲ್ಲ ಅಂದದ್ದು ಅವನ ಕಿವಿಗೆ ಎಷ್ಟು ಸಿಹಿಯಾಗಿತ್ತೆಂದರೆ, ಅದನ್ನು ವಾಪಸು ಕೊಡಲು ಅವನಿಗೆ ಮನಸ್ಸು ಬರಲಿಲ್ಲ.

"ಇರ್ಲಿ ಬುಡಿ ಮೇಸ್ಟ್ರೇ" ಅಂದ. "ಆಗಿದ್ದು ಆಗೋಯ್ತು."

ಅಂದರೆ ಕ್ಷಮಿಸಿದ! ತಾನು ಕೇಳಬೇಕಾದ ಕ್ಷಮೆಯನ್ನು ಅವರಿಂದ ಕೇಳಿಸಿಕೊಂಡು, ದೊಡ್ಡ ಮನಸ್ಸು ಮಾಡಿದವನಂತೆ ಕ್ಷಮಿಸಿ, ಸರಸಮ್ಮನವರು ಒಳಗಿನಿಂದ ಕೂಗಿ ಕೊಡಿಸಿದ ಕಾಫಿಯನ್ನೂ ಕುಡಿದು ಬಂದ.

ಆಮೇಲೆ ಹೇಳೋಣ ಅಂದುಕೊಂಡ. ಅಮ್ಮ ಎದ್ದು ಓಡಾಡುವ ಹಾಗಾಗಲಿ, ಆಮೇಲೆ. ಅವರು ಕೋಲೂರಿಕೊಂಡು ಓಡಾಡಿದರು. ಸಂಕ್ರಾಂತಿ ಕಳೆಯಲಿ, ಆಮೇಲೆ. ಅದೂ ಕಳೆಯಿತು. ಎಲ್ಲವನ್ನೂ ಅವನು ಹೇಳಿಕೊಂಡಿದ್ದು ಕೆಂಪಸಿದ್ದಯ್ಯನಿಗೆ ಮಾತ್ರ. ಮದ್ದೂರಿಗೆ ಹೋದಾಗಲೆಲ್ಲ ಕೆಂಪಸಿದ್ದಯ್ಯ ಲೇತಿನಿಂದ ತಲೆ ಎತ್ತದೆ ಕೇಳುತ್ತಿದ್ದ. "ಯೋಳಿದ್ಯಾ?"

"ಇಲ್ಲ ಕಣಣ್ಣ. ಈಗ್ಯಾಕೆ ಕೆದಕೋದು ಅಂತ. ಅವ್ರೂ ಮರ್ತವ್ರೆ."

"ಅವ್ರು ಮರ್ತವ್ರೆ ಅಂತ ನಿಂಗ್ಯಾರ್ ಯೋಳಿದ್ರು? ಓಗಿ ಯೋಳ್ಬುಡ್ಲಾ. ನಿನ್ ಬಾಯ್ಗೇನಾಗದೆ, ಅದ್ಕೂ ಬೆಸುಗೆ ಆಕಿದ್ದೀಯಾ?"

ಚಿಕ್ಕಮಾದು ಮಾಡಿಸಿದ ಸಾಮಾನು ಎತ್ತಿಕೊಂಡು ಬಸ್ಸು ಹತ್ತುತ್ತಿದ್ದ. ಮೇಷ್ಟ್ರು ಕಾರನ್ನು ಗುಜರಿಯವನಿಗೆ ಕೊಟ್ಟಿದ್ದರು. ಬೆಳಕವಾಡಿಗೆ ಬಸ್ಸು ಹತ್ತಿ ಇಳಿಯುವುದು ಸರಸಮ್ಮನವರಿಂದ ಆಗುತ್ತಿರಲಿಲ್ಲ. ಅಕ್ಕ ತಂಗಿ ಕಾಗದ ಬರೆದುಕೊಂಡು ಇದ್ದರು. ಸಂಜೆ ಮೇಷ್ಟ್ರು ಹೆಂಡತಿಯನ್ನು ಹಿಡಿದುಕೊಂಡು ಬೀದಿಯ ತುದಿಯವರೆಗೆ ನಿಧಾನ ನಡೆಸುತ್ತಿದ್ದರು. ಆ ಹೊತ್ತಿಗೆ ಚಿಕ್ಕಮಾದು ಯಾವುದಾದರೂ ಗಾಡಿಯ ಅಡಿಗೆ ಸೇರಿಕೊಂಡು, ಅವರು ದಾಟಿ ಹೋಗುವ ತನಕ ಹೊರಗೆ ಬರುತ್ತಿರಲಿಲ್ಲ.

ಎಪ್ಪತ್ತೇಳರ ಬೇಸಿಗೆಯಲ್ಲಿ ಮೇಷ್ಟ್ರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ವೈಕುಂಠ ಸಮಾರಾಧನೆ ಕಳೆದು ಎಂಟು ದಿನಕ್ಕೆ ಚಿಕ್ಕಮಾದು ಆ ಮನೆಗೆ ಹೋದ. ಸರಸಮ್ಮನವರು ಜಗುಲಿಯಲ್ಲಿ ಕಾಲು ನೀಡಿಕೊಂಡು ಒಬ್ಬರೇ ಕೂತಿದ್ದರು. ಅವನು ಮೆಟ್ಟಿಲ ಮೇಲೆ ಕೂತು, ಮೊದಲಿಂದ ಕೊನೆಯ ತನಕ ಹೇಳಿದ. ಮೈಸೂರಿನ ಗ್ಯಾರೇಜು, ಎಡಕ್ಕೆ ಮಡಚುವ ಪಿನ್ನು, ಕೆಂಪಸಿದ್ದಯ್ಯನ ಹಿತ್ತಾಳೆ, ತನ್ನ ಕಬ್ಬಿಣ, ಬೆಸುಗೆ, ಗದ್ದೆಯಲ್ಲಿ ಕಂಡ ತುಕ್ಕು, ಏನನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟ. "ನಿಮ್ ಕಾಲ್ ಮುರ್ದೋನು ನಾನು ಅಮ್ಮಾವ್ರೇ. ಮೇಸ್ಟ್ರಲ್ಲ."

ಸರಸಮ್ಮನವರು ಬೀದಿಯಲ್ಲಿ ಹೋಗುತ್ತಿದ್ದ ಕಬ್ಬಿನ ಗಾಡಿಯನ್ನೇ ನೋಡುತ್ತಿದ್ದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗು ಅಂದಿದ್ದರೂ ಚೆನ್ನಾಗಿತ್ತು.

"ನನಗ್ಯಾಕಪ್ಪ ಹೇಳ್ತೀಯ ಇದನ್ನ?" ಅಂದರು ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ಕಾಲು ಹೋಯಿತು ಅಂತ ನಾನು ಯಾರ ಮೇಲೂ ಕೋಪ ಇಟ್ಟುಕೊಂಡವಳಲ್ಲ. ನಿನ್ನ ಮೇಲೂ ಇರಲಿಲ್ಲ, ಅವರ ಮೇಲೂ ಇರಲಿಲ್ಲ. ಅವರಿಗೆ ಮಾತ್ರ ಅದು ಹೋಗಲಿಲ್ಲ. ದಿನಾ ಬೆಳಿಗ್ಗೆ ಈ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಎರಡು ವರ್ಷಕ್ಕೂ ಮೇಲೆ, ಒಂದು ದಿನ ತಪ್ಪಿಸಲಿಲ್ಲ. ತಿಕ್ಕುವಾಗೆಲ್ಲ ಅದೇ ಮಾತು, ನಾನು ಮಾದುಗೆ ಹೇಳಬೇಕಿತ್ತು ಸರಸ, ನಾನು ಹೇಳಬೇಕಿತ್ತು ಅಂತ. ಸಾಯುವ ದಿನ ಬೆಳಿಗ್ಗೆಯೂ ಅಂದರು."

ಚಿಕ್ಕಮಾದು ಹೆಗಲ ಟವೆಲಿನಲ್ಲಿ ಮುಖ ಒರೆಸಿಕೊಂಡ.

"ನಿನ್ನ ಶೆಡ್ಡು ಇಲ್ಲಿಂದ ಎಷ್ಟು ದೂರ ಮಾದು? ನಾಲ್ಕು ಹೆಜ್ಜೆ. ಬಂದು ಒಂದು ಮಾತು ಅವರಿಗೆ ಹೇಳಿದ್ದರೆ ಆಗುತ್ತಿತ್ತು" ಅಂದರು ಸರಸಮ್ಮ. ಆಮೇಲೆ ಕೋಲು ಹುಡುಕಿಕೊಂಡು, ಅವನ ಸಹಾಯ ಬೇಡವೆಂದು ಕೈಸನ್ನೆ ಮಾಡಿ, ಒಬ್ಬರೇ ಎದ್ದು ಒಳಗೆ ಹೋದರು.